ಮೊದಲು ಬಣವಿ, ಆಮೇಲೆ ಮಶೀನು: ತೊಗರಿ ಕಟ್ಟಿಗೆಯಿಂದ ಊರಿಗೆ ಕರೆಂಟ್ ಮಾಡುವ ದಾರಿ

ತೊಗರಿ ರಾಶಿ ಮುಗಿದ ಮೇಲೆ ನಮ್ಮ ಕಲಬುರಗಿ ಕಡೆ ಯಾವ ಹೊಲದ ಬದುವಿಗೆ ಹೋದರೂ ಕಟ್ಟಿಗೆ ಗುಡ್ಡೆ ಬಿದ್ದಿರುತ್ತದೆ. ಸ್ವಲ್ಪ ಒಲೆಗೆ ಹೋಗುತ್ತದೆ, ಸ್ವಲ್ಪ ಬೇಲಿಗೆ, ಉಳಿದದ್ದಕ್ಕೆ ಯಾರೋ ಕಡ್ಡಿ ಗೀರುತ್ತಾರೆ. ಆ ಬೆಂಕಿ ನೋಡಿದಾಗ ನಿಮಗೂ ಅನ್ನಿಸಿರಬೇಕು, ಇದರಿಂದ ಕರೆಂಟ್ ಯಾಕೆ ಮಾಡಬಾರದು ಅಂತ. ಮಾಡಬಹುದು. ನಾವೂ ಸೇಡಂ ಕಡೆಯ ಒಂದಿಷ್ಟು ರೈತರು ಸೇರಿ ಸಣ್ಣ ಬೇಳೆ ಮಿಲ್ಲಿಗೆ ಗ್ಯಾಸಿಫೈಯರ್, ಅಂದರೆ ಕಟ್ಟಿಗೆಯಿಂದ ಉರಿಯುವ ಗ್ಯಾಸ್ ಮಾಡುವ ಮಶೀನ್, ಕೂರಿಸಿದೆವು. ಮೊದಲ ವರ್ಷ ಪೂರ್ತಿ ಕೈ ಸುಟ್ಟುಕೊಂಡೆವು, ಎರಡನೇ ವರ್ಷದಿಂದ ಓಡುತ್ತಿದೆ. ಕೈ ಸುಟ್ಟದ್ದು ಯಾಕೆ ಅಂದರೆ, ಮೊದಲು ಮಶೀನ್ ತಂದೆವು, ಆಮೇಲೆ ಕಟ್ಟಿಗೆ ಹುಡುಕಿದೆವು. ನೀವು ಉಲ್ಟಾ ಮಾಡಿ. ಅದಕ್ಕೇ ಇಲ್ಲಿ ಮಶೀನಿನ ಮಾತು ತಡವಾಗಿ ಬರುತ್ತದೆ.

ಯಾರಿಗೆ ಬೇಕು ಈ ಕರೆಂಟು?

ಇದನ್ನು ಮೊದಲು ಕೇಳಿಕೊಳ್ಳಿ. ಮನೆ ದೀಪಕ್ಕೆ ಅಂತ ಹೊರಟರೆ ಸೋಲುತ್ತೀರಿ. ಈಗ ಬಹುತೇಕ ಎಲ್ಲ ಊರಿಗೂ ನಮ್ಮ ಭಾಗಕ್ಕೆ ಕರೆಂಟ್ ಕೊಡುವ ಕಂಪನಿ ಜೆಸ್ಕಾಂನ ಲೈನ್ ಇದೆ, 2023ರಿಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಮನೆಗೆ ಬಿಲ್ಲೇ ಇಲ್ಲ. ಅಲ್ಲಿ ಪುಕ್ಕಟೆ ಸಿಗುವುದಕ್ಕೆ ನಿಮ್ಮ ಹತ್ತಿರ ಯಾರು ದುಡ್ಡು ಕೊಡುತ್ತಾರೆ? ಕರೆಂಟ್ ಹೋದಾಗ ಡೀಸೆಲ್ ಸುಡುವವರನ್ನು ಹುಡುಕಿ. ಬೇಳೆ ಮಿಲ್, ಹಿಟ್ಟಿನ ಗಿರಣಿ, ಮೆಣಸಿನಕಾಯಿ ಕುಟ್ಟುವ ಮಶೀನ್, ಕುಡಿಯುವ ನೀರಿನ ಪಂಪ್. ಸಣ್ಣ ಡೀಸೆಲ್ ಜನರೇಟರಿನಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರನೇ ಒಂದು ಲೀಟರ್ ಡೀಸೆಲ್ ಹೋಗುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೆ ಯೂನಿಟ್ಟಿಗೆ ಎಣ್ಣೆಯೇ 30 ರೂಪಾಯಿ. ನಿಮ್ಮ ಪೈಪೋಟಿ ಈ 30 ರೂಪಾಯಿ ಜೊತೆ, ಜೆಸ್ಕಾಂ ಜೊತೆ ಅಲ್ಲ.

ಇದೇನೂ ಹೊಸ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲೇ ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಹೊಸಹಳ್ಳಿಯಲ್ಲಿ ಕಟ್ಟಿಗೆ ಗ್ಯಾಸಿನಿಂದ ಕರೆಂಟ್ ಮಾಡಿ ತೋರಿಸಿದ್ದರು. ಬರೀ 3.7 ಕಿಲೋವ್ಯಾಟಿನ ಮಶೀನು ಅದು, ಆಮೇಲೆ 20 ಕಿಲೋವ್ಯಾಟಿಗೆ ಹೋಯಿತು. ಬರೀ ದೀಪಕ್ಕೆ ನಿಲ್ಲಲಿಲ್ಲ, ನೀರು ಎತ್ತಿತು, ಗಿರಣಿಯೂ ತಿರುಗಿತು. ಅದೇ ಜಿಲ್ಲೆಯ ಕಬ್ಬಿಗೆರೆಯಲ್ಲಿ ಮುಂದೆ 500 ಕಿಲೋವ್ಯಾಟಿನ ಘಟಕವೇ ಬಂತು. ಅಷ್ಟು ದೊಡ್ಡದು ನಮಗೆ ಬೇಡ.

ಒಂದು ಹಾಳೆ ತಗೊಂಡು ಲೋಡ್ ಬರೆಯಿರಿ. ಒಂದು ಹೆಚ್‌ಪಿ ಅಂದರೆ 746 ವ್ಯಾಟ್. ನಮ್ಮದು ಹೀಗಿತ್ತು: ಬೇಳೆ ಮಿಲ್ 7.5 ಹೆಚ್‌ಪಿ, ಗಿರಣಿ 7.5 ಹೆಚ್‌ಪಿ, ನೀರಿನ ಪಂಪ್ 5 ಹೆಚ್‌ಪಿ. ಒಟ್ಟು 20 ಹೆಚ್‌ಪಿ, ಅಂದರೆ ಸುಮಾರು 15 ಕಿಲೋವ್ಯಾಟ್. ಅದಕ್ಕೆ 20 ಕಿಲೋವ್ಯಾಟ್ ಮಶೀನ್ ಸಾಕು. ಆದರೆ ಮೂರೂ ಮೋಟಾರು ಒಟ್ಟಿಗೆ ಚಾಲೂ ಮಾಡಬೇಡಿ. ಮೋಟಾರು ಎದ್ದೇಳುವಾಗ ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಒಂದಾದ ಮೇಲೆ ಒಂದು, ಸ್ಟಾರ್ಟರ್ ಹಾಕಿ.

ಕಟ್ಟಿಗೆ ಲೆಕ್ಕ

ಗ್ಯಾಸಿಫೈಯರಿನಲ್ಲಿ ಒಂದು ಯೂನಿಟ್ ಕರೆಂಟಿಗೆ ಒಣ ಕಟ್ಟಿಗೆ 1 ಕಿಲೋದಿಂದ 1.5 ಕಿಲೋ ಬೇಕು. ನಾವು 1.4 ಅಂತ ಹಿಡಿಯುತ್ತೇವೆ. ದಿನಕ್ಕೆ 8 ತಾಸು, 15 ಕಿಲೋವ್ಯಾಟ್ ಲೋಡಿನಲ್ಲಿ ಓಡಿದರೆ 120 ಯೂನಿಟ್. ಕಟ್ಟಿಗೆ 168 ಕಿಲೋ. ವರ್ಷಕ್ಕೆ 250 ದಿನ ಅಂದರೆ 42 ಟನ್. ಕತ್ತರಿಸುವಾಗ ಪುಡಿಯಾಗಿ ಹೋಗುವುದು, ಮಳೆಗೆ ನೆನೆಯುವುದು, ಗೆದ್ದಲು ತಿನ್ನುವುದು ಎಲ್ಲ ಸೇರಿಸಿ 50 ಟನ್ ಇಟ್ಟುಕೊಳ್ಳಿ.

ಇದು ಎಷ್ಟು ಎಕರೆಯಿಂದ ಬರುತ್ತದೆ? ತೊಗರಿಯಲ್ಲಿ ಕಾಳಿನ ತೂಕಕ್ಕೆ ಸುಮಾರು ಎರಡೂವರೆ ಪಟ್ಟು ಕಟ್ಟಿಗೆ ಬರುತ್ತದೆ. ಎಕರೆಗೆ 4 ಕ್ವಿಂಟಲ್ ತೊಗರಿ ಬಂದರೆ ಕಟ್ಟಿಗೆ 10 ಕ್ವಿಂಟಲ್, ಅಂದರೆ ಒಂದು ಟನ್. ಅದೆಲ್ಲ ನಿಮ್ಮದೇ ಅಂದುಕೊಂಡರೆ ಕೆಟ್ಟಿರಿ. ನಾನು ಹಾಗೇ ಅಂದುಕೊಂಡು ಮೊದಲ ಸಭೆಯಲ್ಲಿ ಬೋರ್ಡ್ ಮೇಲೆ ಲೆಕ್ಕ ಬರೆದೆ. ಹಿಂದೆ ಕೂತಿದ್ದ ಆಯಿ ಒಬ್ಬರು ಎದ್ದು ನಿಂತರು. "ತಮ್ಮಾ, ಇರೋಬರೋ ಕಟಿಗಿ ಎಲ್ಲಾ ನಿನ್ನ ಮಶೀನಿಗೆ ಹಾಕಿದ್ರ, ನಾ ರೊಟ್ಟಿ ಯಾತರ ಮ್ಯಾಲ ಬಡೀಲಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತೇ ಅರ್ಧಕ್ಕೆ ಇಳಿಸಿದೆವು. ಒಲೆಗೆ ಬೇಕಾದದ್ದು ಮೊದಲು, ಹೊಲದಲ್ಲಿ ಉದುರುವ ಎಲೆ, ಬೇರು ಹೊಲಕ್ಕೆ, ಉಳಿದದ್ದು ಮಶೀನಿಗೆ. ಎಕರೆಗೆ ಅರ್ಧ ಟನ್. ಆಗ 50 ಟನ್ನಿಗೆ 100 ಎಕರೆ ಬೇಕು. ನಮ್ಮಲ್ಲಿ 100 ಎಕರೆ ತೊಗರಿ ದೊಡ್ಡ ಮಾತಲ್ಲ, ಆದರೆ ನಾಲ್ಕೈದು ಕಿಲೋಮೀಟರ್ ಒಳಗೇ ಇರಬೇಕು. ಕಟ್ಟಿಗೆ ಟ್ರ್ಯಾಲಿಯಲ್ಲಿ ಗುಡ್ಡದಂತೆ ಕಾಣುತ್ತದೆ, ತೂಕಕ್ಕೆ ಹಾಕಿದರೆ ಏನೂ ಇಲ್ಲ. ದೂರದಿಂದ ತಂದರೆ ಟ್ರ್ಯಾಕ್ಟರ್ ಬಾಡಿಗೆಯೇ ನುಂಗಿಹಾಕುತ್ತದೆ.

ಯಾವುದನ್ನು ಮುಟ್ಟಬಾರದು ಅಂತ ಹೇಳಿಬಿಡುತ್ತೇನೆ. ಜೋಳದ ಕಣಕಿ, ತೊಗರಿ ಹೊಟ್ಟು, ಕಡಲೆ ಹೊಟ್ಟು ದನದ ಬಾಯಿಗೆ ಹೋಗುವಂಥವು. ಅವನ್ನು ಸುಟ್ಟು ಬೆಳಕು ಮಾಡಿ ಏನು ಸಾಧಿಸಿದಂತಾಯಿತು?

ಯಾದಗಿರಿ ಕಡೆಯವರಿಗೆ, ಅಂದರೆ ಶಹಾಪುರ, ಸುರಪುರದವರಿಗೆ, ಹತ್ತಿ ಕಟ್ಟಿಗೆ ಸಿಗುತ್ತದೆ. ಸುಡಲು ಚೆನ್ನಾಗಿದೆ. ಆದರೆ ಅದನ್ನು ಹೊಲದ ಪಕ್ಕ ತಿಂಗಳುಗಟ್ಟಲೆ ಒಟ್ಟಿದರೆ ಉಳಿದ ಕಾಯಿಯಲ್ಲಿ ಗುಲಾಬಿ ಕಾಯಿಕೊರಕ ಹುಳ ಬೀಡುಬಿಟ್ಟು ಮುಂದಿನ ಬೆಳೆಗೆ ಬರುತ್ತದೆ. ಕಿತ್ತ ಕೂಡಲೇ ಕತ್ತರಿಸಿ ಚೂರು ಮಾಡಿ ಇಡಿ. ಭತ್ತದ ಹೊಟ್ಟು ಸಿಗುತ್ತದಲ್ಲ ಅಂತ ಕೇಳಬೇಡಿ, ಅದಕ್ಕೆ ಬೇರೆ ಥರದ ಗ್ಯಾಸಿಫೈಯರ್ ಬೇಕು, ಬೂದಿಯೂ ವಿಪರೀತ. ಬೀದರ್ ಕಡೆ ಕಬ್ಬಿನ ಸಿಪ್ಪೆ ಕಾರ್ಖಾನೆಗಳ ಬಾಯ್ಲರಿಗೇ ಹೋಗುತ್ತದೆ, ಅದರ ಆಸೆ ಬಿಡಿ. ಎಲ್ಲಕ್ಕಿಂತ ಒಳ್ಳೆಯದು ಯಾವುದು ಅಂದರೆ ಬಳ್ಳಾರಿ ಜಾಲಿ. ಹಳ್ಳದ ದಂಡೆ, ಪಾಳು ಹೊಲ ಎಲ್ಲ ಅದೇ. ಕಟ್ಟಿಗೆ ಗಟ್ಟಿ, ಬೂದಿ ಕಡಿಮೆ. ನಾವು ಮೂರು ಪಾಲು ತೊಗರಿಗೆ ಒಂದು ಪಾಲು ಜಾಲಿ ಬೆರೆಸುತ್ತೇವೆ. ಸರ್ಕಾರಿ ಜಾಗದ್ದಾದರೆ ಪಂಚಾಯಿತಿಯಲ್ಲಿ ಕೇಳಿಯೇ ಕಡಿಯಿರಿ.

ಇನ್ನು ಸಗಣಿ ಗ್ಯಾಸ್ ಯಾಕಾಗಬಾರದು ಅಂತ ಒಬ್ಬರಾದರೂ ಕೇಳೇ ಕೇಳುತ್ತಾರೆ. 25 ಕಿಲೋ ಸಗಣಿಗೆ ಒಂದು ಘನ ಮೀಟರ್ ಗ್ಯಾಸ್, ಅದರಿಂದ ಸುಮಾರು ಒಂದೂವರೆ ಯೂನಿಟ್. ದಿನಕ್ಕೆ 120 ಯೂನಿಟ್ಟಿಗೆ 2000 ಕಿಲೋ ಸಗಣಿ ಬೇಕು. ದನಕ್ಕೆ 10 ಕಿಲೋ ಹಿಡಿದರೂ 200 ದನ, ಮೇಲೆ ಅಷ್ಟೇ ನೀರು. ಏಪ್ರಿಲ್‌ನಲ್ಲಿ ಕುಡಿಯಲು ಟ್ಯಾಂಕರ್ ಕಾಯುವ ಊರಿನಲ್ಲಿ ದಿನಾ 2000 ಲೀಟರ್ ನೀರು ಸಗಣಿಗೆ ಸುರಿಯುತ್ತೀರಾ? ಡೇರಿ ಇದ್ದವರಿಗೆ ಸರಿ, ಅಡುಗೆಗೂ ಸರಿ.

ಬಣವಿ ಒಟ್ಟುವುದು

ನಮ್ಮ ಕತೆ ಕೆಟ್ಟದ್ದು ಇಲ್ಲಿಯೇ. ತೊಗರಿ ಕಟ್ಟಿಗೆ ಸಿಗುವುದು ಎಳ್ಳಮಾವಾಸ್ಯೆ ಆಚೀಚೆಯಿಂದ ಫೆಬ್ರವರಿವರೆಗೆ. ಮಶೀನಿಗೆ ಅದು ವರ್ಷಪೂರ್ತಿ ಬೇಕು. ಅಂದರೆ ಕಾರಹುಣ್ಣಿಮೆಗೆ ಮೊದಲೇ ಇಡೀ ವರ್ಷದ್ದನ್ನು ಒಣಗಿಸಿ, ಕತ್ತರಿಸಿ, ಸೂರಿನ ಕೆಳಗೆ ಸೇರಿಸಿರಬೇಕು. ನಾವು ಬಯಲಲ್ಲಿ ಒಟ್ಟಿ ಮೇಲೆ ತಾಡಪತ್ರಿ ಹೊದೆಸಿದೆವು. ಜುಲೈ ಮಳೆಗೆ ಮೇಲಿಂದ ನೀರು ಬರಲಿಲ್ಲ, ಕೆಳಗಿನಿಂದ ಬಂತು. ಎರೆ ಮಣ್ಣು ನೀರು ಹಿಡಿದು ಕೂರುತ್ತದಲ್ಲ, ತಳದ ಎರಡು ಮೊಳ ಕಟ್ಟಿಗೆ ಬೂಸಲು ಬಂದು ಕಪ್ಪಾಯಿತು. ಮೇಲಿನದ್ದು ಮುಟ್ಟಿದರೆ ಒಣಗಿದ ಹಾಗೇ ಇತ್ತು. ಅದನ್ನೇ ಹಾಕಿದೆವು.

ಹದಿನೈದು ದಿನಕ್ಕೆ ಇಂಜಿನ್ ಉಸಿರುಗಟ್ಟಿದ ಹಾಗೆ ಕೆಮ್ಮಿ ನಿಂತಿತು. ಮೆಕ್ಯಾನಿಕ್ ಬಂದು ಹೆಡ್ ಬಿಚ್ಚಿದಾಗ ವಾಲ್ವಿನ ಸುತ್ತ ಬೆಲ್ಲದ ಪಾಕ ಸುಟ್ಟು ಹಿಡಿದಂಥ ಕಪ್ಪು ಜಿಗುಟು. ಬೆರಳಿಗೆ ಹತ್ತಿದರೆ ಸೋಪಿಗೂ ಹೋಗುವುದಿಲ್ಲ, ಸೀಮೆಎಣ್ಣೆಯೇ ಬೇಕು. ಅದೇ ಟಾರ್. ಹಸಿ ಕಟ್ಟಿಗೆ ಒಳಗಿನ ಬೆಂಕಿಯ ಬಿಸಿ ಇಳಿಸುತ್ತದೆ, ಬಿಸಿ ಇಳಿದರೆ ಟಾರ್ ಒಡೆದು ಗ್ಯಾಸ್ ಆಗುವುದಿಲ್ಲ, ಹಾಗೇ ಪೈಪಿನಲ್ಲಿ ಹೊರಟು ಇಂಜಿನಿನಲ್ಲಿ ಕೂರುತ್ತದೆ. ಮಶೀನ್ ಮಾರಿದವನಿಗೆ ಫೋನ್ ಮಾಡಿದರೆ "ಕಟ್ಟಿಗೆ ಒಣಗಿರಬೇಕು ಅಂತ ಹೇಳಿದ್ದೆನಲ್ಲ ಸರ್" ಅಂದ. ಹೇಳಿದ್ದು ನಿಜ. ಎಷ್ಟು ಒಣಗಿರಬೇಕು, ಹೇಗೆ ನೋಡಬೇಕು ಅಂತ ಹೇಳಿರಲಿಲ್ಲ.

ಅದನ್ನು ನಾನು ಹೇಳುತ್ತೇನೆ. ಬಣವಿಯ ಮೇಲೆ, ನಡುವೆ, ತಳ, ಮೂರೂ ಕಡೆಯಿಂದ ಕಟ್ಟಿಗೆ ತೆಗೆದು ಚೂರು ಮಾಡಿ ಬೆರೆಸಿ. ಕಿರಾಣಿ ಅಂಗಡಿಯ ಕಾಟಾದಲ್ಲಿ ಸರಿಯಾಗಿ 1 ಕಿಲೋ ತೂಗಿ. ದೊಡ್ಡ ಬುಟ್ಟಿಯಂಥ ಕಬ್ಬಿಣದ ಬಾಣಲಿಯಲ್ಲಿ ಹಾಕಿ ಸಣ್ಣ ಉರಿಯ ಮೇಲೆ ಕೈಯಾಡಿಸುತ್ತ ಬಿಸಿ ಮಾಡಿ, ಹೊಗೆ ಏಳಬಾರದು, ಬರೀ ಆವಿ ಹೋಗಬೇಕು. ತಾಸಿಗೊಮ್ಮೆ ತೂಗಿ. ಎರಡು ಸಲ ಒಂದೇ ತೂಕ ಬಂದರೆ ನಿಲ್ಲಿಸಿ. 850 ಗ್ರಾಂ ಉಳಿದರೆ ತೇವ ಶೇ 15. ಅಷ್ಟಿದ್ದರೆ ಹಾಕಿ. 800ಕ್ಕೆ ಇಳಿದರೆ ಶೇ 20, ಅದು ಗಡಿ. ಅದಕ್ಕಿಂತ ಇಳಿದರೆ ಮತ್ತೆ ಬಿಸಿಲಿಗೆ ಹರವಿ. ನಮ್ಮ ಬೇಸಿಗೆ 40 ಡಿಗ್ರಿ ದಾಟಿ ಎಲ್ಲರನ್ನೂ ಬೇಯಿಸುತ್ತದೆ, ಈ ಕೆಲಸಕ್ಕೆ ಮಾತ್ರ ಅದು ವರ.

ಈಗ ನಮ್ಮ ಶೆಡ್ಡು ಹೀಗಿದೆ. ನೆಲಕ್ಕೆ ಒಂದಡಿ ಗರಸು ಹಾಕಿ ಬಡಿದು ಅದರ ಮೇಲೆ ಶಹಾಬಾದ್ ಪರಸಿಯ ಒಡೆದ ತುಂಡು ಜೋಡಿಸಿದೆವು. ಖಣಿ ಕಡೆ ಅಂಥ ತುಂಡು ಅಗ್ಗಕ್ಕೆ ಸಿಗುತ್ತವೆ. ಮೇಲೆ ಪತ್ರಾಸ್, ಗಾಳಿ ಆಡಲು ಎರಡು ಕಡೆ ಗೋಡೆ ಇಲ್ಲ. ಎಲ್ಲ ಒಂದೇ ಬಣವಿ ಅಲ್ಲ, ನಾಲ್ಕು. ನಡುವೆ ಟ್ರ್ಯಾಕ್ಟರ್ ಹಾಯುವಷ್ಟು ಜಾಗ ಬಿಟ್ಟಿದ್ದೇವೆ. ಒಂದಕ್ಕೆ ಬೆಂಕಿ ಬಿದ್ದರೆ ಮೂರಾದರೂ ಉಳಿಯಲಿ ಅಂತ. ಬೀಡಿ ಸೇದುವ ಕಾಕಾಗಳಿಗೆ ಬೇಜಾರಾದರೂ ಸರಿ, ಬೋರ್ಡ್ ಹಾಕಿದ್ದೇವೆ.

ಇನ್ನೊಂದು. ಬೇರುಸಮೇತ ಕಿತ್ತ ಕಟ್ಟಿಗೆಗೆ ಮಣ್ಣು ಮೆತ್ತಿಕೊಂಡಿರುತ್ತದೆ. ಆ ಮಣ್ಣು ಒಳಗಿನ ಬಿಸಿಗೆ ಕರಗಿ ಗಟ್ಟಿ ಕಿಟ್ಟವಾಗಿ ಮಶೀನಿನ ತಳದ ಜಾಲರಿ ಮೇಲೆ ಕೂರುತ್ತದೆ, ಸರಳು ಹಾಕಿ ಒಡೆಯಬೇಕಾಗುತ್ತದೆ. ಬುಡ ಕತ್ತರಿಸಿ ಬಿಸಾಕಿ, ಇಲ್ಲ ನೆಲಕ್ಕೆ ಬಡಿದು ಝಾಡಿಸಿ. ಆಮೇಲೆ ಎರಡರಿಂದ ಐದು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಉದ್ದ ಬಿಟ್ಟರೆ ಹಾಪರಿನಲ್ಲಿ, ಅಂದರೆ ಕಟ್ಟಿಗೆ ತುಂಬುವ ಡಬ್ಬದಲ್ಲಿ, ಅಡ್ಡ ಸಿಕ್ಕಿ ಕೆಳಗೆ ಇಳಿಯುವುದೇ ಇಲ್ಲ, ಒಳಗೆ ಖಾಲಿ ಗೂಡಾಗುತ್ತದೆ. ತೀರಾ ಪುಡಿಯಾದರೆ ಗಾಳಿ ಆಡುವುದಿಲ್ಲ. ಪುಡಿ ಜರಡಿ ಹಿಡಿದು ತೆಗೆಯಿರಿ.

ರೈತರಿಗೆ ದುಡ್ಡು ಟ್ರ್ಯಾಲಿ ಲೆಕ್ಕದಲ್ಲಿ ಕೊಡಬೇಡಿ, ಒಣ ತೂಕಕ್ಕೆ ಕೊಡಿ. ಇಲ್ಲದಿದ್ದರೆ ಹಸಿ ಕಟ್ಟಿಗೆ ಮೊದಲು ಬರುತ್ತದೆ. ಇದಕ್ಕೆ ಯಾರನ್ನೂ ಬೈಯಬೇಕಿಲ್ಲ, ನಾವಾದರೂ ಹಾಗೇ ಮಾಡುತ್ತಿದ್ದೆವು.

ಈಗ ಮಶೀನು

ಗ್ಯಾಸಿಫೈಯರ್ ಅಂದರೆ ದೊಡ್ಡ ಇದ್ದಿಲು ಒಲೆ, ಅಷ್ಟೇ. ಗಾಳಿ ಕಡಿಮೆ ಕೊಟ್ಟು ಕಟ್ಟಿಗೆಯನ್ನು ಅರೆಬರೆ ಸುಡುತ್ತಾರೆ. ಮೇಲೆ ಕಟ್ಟಿಗೆ ಒಣಗುತ್ತದೆ, ಅದರ ಕೆಳಗೆ ಬೆಂದು ಇದ್ದಿಲಾಗುತ್ತದೆ, ಇನ್ನೂ ಕೆಳಗೆ ಬೆಂಕಿ, ಅದರಡಿ ಕೆಂಡದ ಹಾಸು. ಹೊಗೆಯನ್ನು ಆ ಕೆಂಡದ ಮೂಲಕ ಕೆಳಕ್ಕೆ ಎಳೆದಾಗ ಅದು ಉರಿಯುವ ಗ್ಯಾಸ್ ಆಗಿ ಹೊರಬರುತ್ತದೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಐದರಲ್ಲಿ ಒಂದು ಪಾಲು, ಹೆಚ್ಚುಕಡಿಮೆ ಅಷ್ಟೇ ಹೈಡ್ರೋಜನ್, ಅರ್ಧದಷ್ಟು ಸುಮ್ನೆ ಬರುವ ನೈಟ್ರೋಜನ್. ಹಾಗಾಗಿ ಗ್ಯಾಸ್ ತೆಳುವು. ಅದನ್ನು ತಣಿಸಿ, ಸೋಸಿ ಇಂಜಿನಿಗೆ ಕೊಡಬೇಕು.

ಇಂಜಿನ್ ಎರಡು ಥರ. ಪೂರ್ತಿ ಗ್ಯಾಸಿನದು ಒಂದು. ಇರುವ ಡೀಸೆಲ್ ಜನರೇಟರಿಗೇ ಗ್ಯಾಸ್ ಸೇರಿಸುವುದು ಇನ್ನೊಂದು. ಎರಡನೆಯದರಲ್ಲಿ ಡೀಸೆಲ್ ಪೂರ್ತಿ ನಿಲ್ಲುವುದಿಲ್ಲ, ಆದರೆ ಚೆನ್ನಾಗಿ ಓಡಿದರೆ ಶೇ 70ಕ್ಕಿಂತ ಜಾಸ್ತಿ ಉಳಿತಾಯ ಆಗುತ್ತದೆ. ಮೊದಲ ಸಲ ಮಾಡುವವರಿಗೆ ಇದೇ ವಾಸಿ ಅನ್ನುತ್ತೇನೆ. ಗ್ಯಾಸ್ ಕೈಕೊಟ್ಟರೂ ಬೇಳೆ ಅರ್ಧಕ್ಕೆ ನಿಲ್ಲುವುದಿಲ್ಲ. ನಾವು ಶುರು ಮಾಡಿದ್ದೂ ಇದರಿಂದಲೇ. ಗ್ಯಾಸ್ ಸೇರಿಸಿದರೆ ಜನರೇಟರಿನ ಶಕ್ತಿ ಸ್ವಲ್ಪ ಇಳಿಯುತ್ತದೆ, ಮಶೀನ್ ಆರಿಸುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ತಂಪು ಮಾಡಲು ನೀರು ಚಿಮುಕಿಸುವ ಮಾದರಿ ಇದೆ. ಆ ನೀರು ಕಪ್ಪಾಗಿ ಘಾಟು ಹೊಡೆಯುತ್ತದೆ. ಅದನ್ನು ಹಳ್ಳಕ್ಕೋ ಬಾವಿ ಪಕ್ಕಕ್ಕೋ ಬಿಟ್ಟರೆ ಊರವರು ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ, ಬಿಡಲೂಬಾರದು. ಸಿಮೆಂಟ್ ತೊಟ್ಟಿಯಲ್ಲಿ ನಿಲ್ಲಿಸಿ, ತಿಳಿ ಮಾಡಿ, ಅದನ್ನೇ ತಿರುಗಿಸಿ ಬಳಸಬೇಕು. ನೀರಿಲ್ಲದ ಒಣ ಫಿಲ್ಟರ್ ಸಿಕ್ಕರೆ ಸ್ವಲ್ಪ ಜಾಸ್ತಿ ಆದರೂ ಅದನ್ನೇ ತಗೊಳ್ಳಿ.

ಅಡಿಪಾಯದಲ್ಲಿ ಜಿಪುಣತನ ಬೇಡ. ಎರೆ ಭೂಮಿ ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಇಂಜಿನ್ ಓಲಾಡಿ ಪೈಪ್ ಜೋಡಣೆ ಸಡಿಲವಾಗುತ್ತದೆ. ಕಪ್ಪು ಮಣ್ಣು ತೆಗೆದು ಗಟ್ಟಿ ನೆಲ ಸಿಗುವವರೆಗೆ ಹೋಗಿ.

ಖರ್ಚು ಮತ್ತು ಕಾಗದಪತ್ರ

ಉದಾಹರಣೆಗೆ ಲೆಕ್ಕ ಹಾಕೋಣ. ಪೂರ್ತಿ ಗ್ಯಾಸಿನ ಇಂಜಿನ್ ಅಂತ ಇಟ್ಟುಕೊಳ್ಳಿ. ಕತ್ತರಿಸಲು ತಂದು ಹಾಕಿದ ಕಟ್ಟಿಗೆ ಕಿಲೋಗೆ 3 ರೂಪಾಯಿ ಬಿದ್ದರೆ ಯೂನಿಟ್ಟಿಗೆ 4.20. ಆಪರೇಟರ್ ಒಬ್ಬ, ಕತ್ತರಿಸಲು ಇಬ್ಬರು, ತಲಾ 500 ಅಂದರೆ 1500 ರೂಪಾಯಿ, 120 ಯೂನಿಟ್ಟಿಗೆ ಹಂಚಿದರೆ 12.50. ಆಯಿಲ್, ಫಿಲ್ಟರ್, ರಿಪೇರಿಗೆ 3 ಇಡಿ. ಹೆಚ್ಚುಕಡಿಮೆ 20 ರೂಪಾಯಿ, ಮೇಲೆ ಸಾಲದ ಕಂತು. ಡೀಸೆಲ್ಲಿನ 30ರ ಮುಂದೆ ಪರವಾಗಿಲ್ಲ. ಬ್ಲೋವರ್, ಕಟರ್ ಕೂಡ ನಿಮ್ಮದೇ ಕರೆಂಟ್ ತಿನ್ನುತ್ತವೆ, 120ರಲ್ಲಿ ಹತ್ತು ಹನ್ನೆರಡು ಯೂನಿಟ್ ಅದಕ್ಕೇ ಹೋಯಿತು ಅನ್ನಿ. ಈಗ ಸಂಜೆ ದೀಪಕ್ಕೆ ಅಂತ ಬರೀ 35 ಯೂನಿಟ್ ಮಾಡಿ ನೋಡಿ. ಇಬ್ಬರೇ ಆಳು ಅಂದರೂ ಕೂಲಿಯೇ 28 ರೂಪಾಯಿ ದಾಟಿತು! ಈ ಧಂದೆಯಲ್ಲಿ ಕಟ್ಟಿಗೆಗಿಂತ ಕೂಲಿ ದುಬಾರಿ, ಅದಕ್ಕೇ ತಾಸು ಜಾಸ್ತಿ ಓಡಬೇಕು. ಲೋಡ್ ಅರ್ಧಕ್ಕಿಂತ ಇಳಿದರೆ ಒಳಗಿನ ಬಿಸಿಯೂ ಇಳಿದು ಮತ್ತೆ ಅದೇ ಟಾರ್ ಕಾಟ.

2003ರ ವಿದ್ಯುತ್ ಕಾಯ್ದೆ ಪ್ರಕಾರ ಕರೆಂಟ್ ಉತ್ಪಾದಿಸಲು ಲೈಸೆನ್ಸ್ ಬೇಕಿಲ್ಲ. ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿದ ಗ್ರಾಮೀಣ ಪ್ರದೇಶದಲ್ಲಿ ಉತ್ಪಾದಿಸಿ ಅಲ್ಲೇ ಹಂಚುವವರಿಗೂ 14ನೇ ಕಲಂ ವಿನಾಯಿತಿ ಕೊಡುತ್ತದೆ. ಆದರೆ ಸುರಕ್ಷತೆಯ ನಿಯಮ ಎಲ್ಲರಿಗೂ ಅನ್ವಯ, ವಿದ್ಯುತ್ ಪರಿವೀಕ್ಷಕರ ಕಚೇರಿಗೆ ಮೊದಲೇ ಹೋಗಿ ಕೇಳಿ. ಸಹಾಯಧನದ ವಿಚಾರಕ್ಕೆ ಕ್ರೆಡಲ್, ಅಂದರೆ ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮದ ಕಚೇರಿ. ಯೋಜನೆಗಳು ಬದಲಾಗುತ್ತಲೇ ಇರುತ್ತವೆ, ಸಬ್ಸಿಡಿ ಬಂದೇ ಬರುತ್ತದೆ ಅಂತ ಸಾಲ ಮಾಡಬೇಡಿ.

ಜೆಸ್ಕಾಂ ಲೈನೂ ನಿಮ್ಮ ಲೈನೂ ಎಂದೂ ಕೂಡಬಾರದು. ನಡುವೆ ಒಂದು ಸಲಕ್ಕೆ ಒಂದೇ ಲೈನ್ ಕೂಡಿಸುವ ಚೇಂಜ್‌ಓವರ್ ಸ್ವಿಚ್ ಕಡ್ಡಾಯ. ಕರೆಂಟ್ ಹೋಗಿದೆ ಅಂತ ಲೈನ್‌ಮನ್ ಕಂಬ ಹತ್ತಿರುತ್ತಾನೆ, ನಿಮ್ಮ ಜನರೇಟರಿನ ಕರೆಂಟ್ ಟ್ರಾನ್ಸ್‌ಫಾರ್ಮರ್ ಮೂಲಕ ಹಿಂದಕ್ಕೆ ಹರಿದು ಅವನನ್ನು ಕೊಲ್ಲುತ್ತದೆ.

ದಿನದ ಕೆಲಸ

ಮೊದಲು ಜಾಲರಿ ಮೇಲೆ ಇದ್ದಿಲು ತುಂಬಿ, ಅದರ ಮೇಲೆ ಕಟ್ಟಿಗೆ. ಬ್ಲೋವರ್ ಹಾಕಿ, ಗಾಳಿ ಒಳಬರುವ ಕಿಂಡಿಯಲ್ಲಿ ಕಾಕಡ ಹಿಡಿದು ಹೊತ್ತಿಸಿ. ಗ್ಯಾಸನ್ನು ಇಂಜಿನಿಗೆ ಬಿಡುವ ಮೊದಲು ಹೊರಗಿನ ಬರ್ನರಿನಲ್ಲಿ ಉರಿಸಿ ನೋಡಬೇಕು. ಮೊದಮೊದಲು ಬಿಳಿ ಹೊಗೆ, ಆಮೇಲೆ ಹಳದಿ ಉರಿ, ಹಾರಿ ಹಾರಿ ಆರುತ್ತದೆ. ಹೊಗೆ ಇಲ್ಲದ, ನಿಂತು ಉರಿಯುವ ಜ್ವಾಲೆ ಬರುವವರೆಗೆ ಕಾಯಿರಿ. ಅರ್ಧ ತಾಸು ಹಿಡಿದರೂ ಹಿಡಿಯಲಿ. ಆಮೇಲೆ, ನಮ್ಮ ಹಾಗೆ ಡೀಸೆಲ್ಲಿಗೆ ಗ್ಯಾಸ್ ಸೇರಿಸುವ ಇಂಜಿನಾದರೆ, ಅದನ್ನು ಡೀಸೆಲ್ಲಿನಲ್ಲಿ ಎಬ್ಬಿಸಿ, ಗ್ಯಾಸ್ ವಾಲ್ವ್ ನಿಧಾನಕ್ಕೆ ತೆರೆಯಿರಿ, ಡೀಸೆಲ್ ತಾನೇ ಇಳಿಯುತ್ತದೆ. ಗಡಿಬಿಡಿ ಮಾಡಿದರೆ ಇಂಜಿನ್ ಬೀಳುತ್ತದೆ.

ನಿಲ್ಲಿಸುವಾಗ ಮೊದಲು ಗ್ಯಾಸ್ ಬಂದ್, ಐದು ನಿಮಿಷ ಬರೀ ಡೀಸೆಲ್, ಆಮೇಲೆ ಇಂಜಿನ್. ಗಾಳಿ ಕಿಂಡಿ ಮುಚ್ಚಿ. ಬಿಸಿ ಇರುವಾಗ ಮುಚ್ಚಳ ತೆಗೆದು ಇಣುಕಬೇಡಿ, ಒಳಗಿನ ಗ್ಯಾಸಿಗೆ ಗಾಳಿ ಸೇರಿ ಧಗ್ ಅಂತ ಹೊತ್ತಿಕೊಳ್ಳುತ್ತದೆ. ನಮ್ಮ ಆಪರೇಟರ್ ಹುಡುಗನ ಹುಬ್ಬು ಹಾಗೇ ಹೋಯಿತು, ಕಣ್ಣು ಉಳಿದದ್ದೇ ದೊಡ್ಡದು.

ಎಲ್ಲಕ್ಕಿಂತ ಮುಖ್ಯ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ತಲೆಸುತ್ತು, ವಾಂತಿ ಬಂದಂತಾದರೆ "ಬಿಸಿಲಿಗೆ ಆಗಿರಬೇಕು" ಅನ್ನಬೇಡಿ, ಕೂಡಲೇ ಬಯಲಿಗೆ ಬನ್ನಿ, ಜೊತೆಯವನನ್ನೂ ಎಳೆದು ತನ್ನಿ, ಆಸ್ಪತ್ರೆಗೆ ಹೋಗಿ. ಮಶೀನ್ ಶೆಡ್ಡಿಗೆ ಪೂರ್ತಿ ಗೋಡೆ ಕಟ್ಟಲೇಬೇಡಿ, ಗ್ಯಾಸ್ ಅಲಾರಂ ಒಂದು ನೇತುಹಾಕಿ. ಚಳಿಗಾಲದಲ್ಲಿ ಬೆಚ್ಚಗಿರುತ್ತದೆ ಅಂತ ಅಲ್ಲಿ ಯಾರಿಗೂ ಮಲಗಲು ಬಿಡಬೇಡಿ.

ವಾರಕ್ಕೊಮ್ಮೆ ಫಿಲ್ಟರ್ ಬಿಚ್ಚಿ ಒರೆಸಿ. ಕೆಳಗೆ ಬೀಳುವ ಇದ್ದಿಲು ಬೂದಿಯನ್ನು ಪೂರ್ತಿ ಆರಿದ ಮೇಲೆಯೇ ಚೀಲಕ್ಕೆ ತುಂಬಿ, ಹೊಲಕ್ಕೆ ಹಾಕಲು ರೈತರೇ ಒಯ್ಯುತ್ತಾರೆ. ಒಂದು ನೋಟ್‌ಬುಕ್ ಇಡಿ: ಎಷ್ಟು ಕಿಲೋ ಹಾಕಿದಿರಿ, ಎಷ್ಟು ಯೂನಿಟ್, ಡೀಸೆಲ್ ಎಷ್ಟು. ನಮ್ಮದರಲ್ಲಿ ಕಿಲೋ ಲೆಕ್ಕ 1.4ರಿಂದ 1.8ಕ್ಕೆ ಏರಿದ ದಿನ ಆಪರೇಟರ್ ಮಶೀನ್ ಮುಟ್ಟುವುದಿಲ್ಲ, ಸೀದಾ ಬಣವಿ ಕಡೆ ಹೋಗಿ ತಳದಲ್ಲಿ ಕೈ ಹಾಕಿ ನೋಡುತ್ತಾನೆ.